ಮಲ್ಪೆಯ ಕಡಲಲ್ಲಿ ಮಡಗಾಸ್ಕರ್ ಗುರುತು

ಡಿಸೆಂಬರ್ ಬಂತೆಂದರೆ ಮೂಗೂರು, ತಿ. ನರಸೀಪುರ, ನಂಜನಗೂಡು ಕಡೆಯ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಬಸ್ಸು ಹಿಡಿಯುವ ಜಾಡು ಹೆಚ್ಚು ಕಡಿಮೆ ಒಂದೇ. ಕುಕ್ಕೆ, ಧರ್ಮಸ್ಥಳ, ಉಡುಪಿಯ ಕೃಷ್ಣ, ಆಮೇಲೆ ಮಲ್ಪೆಯ ಕಡಲು. ಈ ಮಕ್ಕಳಿಗೆ ನೀರು ಹೊಸದಲ್ಲ. ತಿರುಮಕೂಡಲಿನಲ್ಲಿ ಕಬಿನಿ ಬಂದು ಕಾವೇರಿಗೆ ಸೇರುವುದನ್ನು ಕಂಡವರು, ತಲಕಾಡಿನ ಮರಳಲ್ಲಿ ಹೊರಳಾಡಿದವರು. ಆಚೆ ದಡವೇ ಕಾಣದ ನೀರು ಮಾತ್ರ ಅವರಿಗೆ ಹೊಸದು. ಮಲ್ಪೆಯ ಮರಳ ಮೇಲೆ ನಿಂತು ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ, ದೂರದಲ್ಲಿ ನೀರಿನ ಮೇಲೆ ಒಂದು ಕಪ್ಪು ಗೆರೆ, ಅದರ ಮೇಲೊಂದಿಷ್ಟು ತೆಂಗಿನ ತಲೆಗಳು ಕಾಣುತ್ತವೆ. ‘ಅದೇ ಸೇಂಟ್ ಮೇರೀಸ್ ದ್ವೀಪ, ದೋಣಿಯಲ್ಲಿ ಹೋಗಿ ಬರಬಹುದು’ ಎಂದು ಯಾರೋ ಹೇಳುತ್ತಾರೆ. ಮೇಷ್ಟ್ರು ಗಡಿಯಾರ ನೋಡಿಕೊಳ್ಳುತ್ತಾರೆ.

ಗಡಿಯಾರ ನೋಡಿಕೊಂಡು ವಾಪಸು ಬಸ್ಸು ಹತ್ತಿಸುವ ಮೇಷ್ಟ್ರಿಗೂ, ಹೇಗೂ ಬಂದಿದ್ದೇವೆ ಎಂದು ಟಿಕೆಟ್ ಕೊಳ್ಳುವ ಸಂಸಾರಸ್ಥರಿಗೂ ಒಂದು ಸಂಗತಿ ತಿಳಿದಿರಬೇಕು. ಆ ಕಪ್ಪು ಗೆರೆ ಜ್ವಾಲಾಮುಖಿಯ ಕಲ್ಲು. ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದ ನೆಲ ಸೀಳಿ ಬೇರೆಯಾದಾಗ ಉಕ್ಕಿದ ಬೆಂಕಿಯ ಗುರುತು.

ಹೊರದೇಶಗಳಲ್ಲಿ ಜ್ವಾಲಾಮುಖಿ ದ್ವೀಪಗಳ ಸುತ್ತ ದೋಣಿ ವಿಹಾರ ಎಂಬುದು ದೊಡ್ಡ ಉದ್ಯಮ. ಪೆಸಿಫಿಕ್ ಸಾಗರದ ಗಲಾಪಗೋಸ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. 1835ರಲ್ಲಿ ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನಲ್ಲಿ ಅಲ್ಲಿಗೆ ಹೋಗಿದ್ದ. ಈಗ ಹದಿನಾರು ಜನ ಹಿಡಿಯುವ ಪುಟ್ಟ ವಿಹಾರನೌಕೆಗಳು ನಾಲ್ಕೈದು ದಿನ ದ್ವೀಪದಿಂದ ದ್ವೀಪಕ್ಕೆ ಸುತ್ತಿಸುತ್ತವೆ. ಪರವಾನಗಿ ಪಡೆದ ಮಾರ್ಗದರ್ಶಿ ಜೊತೆಗಿಲ್ಲದೆ ಅಲ್ಲಿನ ರಾಷ್ಟ್ರೀಯ ಉದ್ಯಾನದ ತಾಣಗಳಲ್ಲಿ ಕಾಲಿಡುವಂತಿಲ್ಲ. ಪ್ರಾಣಿಗಳಿಂದ ಎರಡು ಮೀಟರ್ ದೂರ ನಿಲ್ಲಬೇಕು. ಆ ದ್ವೀಪಗಳನ್ನು ಆಳುವ ಈಕ್ವೆಡಾರ್ ಸರ್ಕಾರ 2024ರ ಆಗಸ್ಟ್‌ನಲ್ಲಿ ಹೊರದೇಶದವರ ಪ್ರವೇಶ ಶುಲ್ಕವನ್ನು ನೂರು ಡಾಲರ್‌ನಿಂದ ಇನ್ನೂರಕ್ಕೆ ಏರಿಸಿತು.

ನಮ್ಮ ದೇಶದಲ್ಲೇ ಉಸಿರಾಡುತ್ತಿರುವ ಜ್ವಾಲಾಮುಖಿ ನೋಡಬೇಕೆಂದರೆ ಅಂಡಮಾನಿನ ಬ್ಯಾರನ್ ದ್ವೀಪದ ಕಡೆಗೆ ಹೋಗಬೇಕು. 1991ರಲ್ಲಿ ಅದು ಶತಮಾನಕ್ಕೂ ಮೀರಿದ ನಿದ್ದೆಯಿಂದ ಎದ್ದು ಕೆಂಡ ಕಾರಿತು, ಆಮೇಲೂ ಆಗಾಗ ಹೊಗೆಯಾಡಿದೆ. ಅದನ್ನು ಹಡಗಿನಿಂದಲೇ ನೋಡಿ ಬರಬೇಕು. ಅಲ್ಲಿಗೆ ಉತ್ತರಕ್ಕಿರುವ ನಾರ್ಕೊಂಡಮ್ ದ್ವೀಪವೂ ಜ್ವಾಲಾಮುಖಿಯೇ. ಆ ಪುಟ್ಟ ಗುಡ್ಡ ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಿಗದ ಒಂದು ಜಾತಿಯ ಮಂಗಟ್ಟೆ ಹಕ್ಕಿ ಅಲ್ಲಿದೆ.

ಮಲ್ಪೆಯಲ್ಲಿ ವಿಹಾರನೌಕೆಯ ಬೆಡಗಿಲ್ಲ. ಇಲ್ಲಿರುವುದು ಪ್ರವಾಸಿಗರನ್ನು ಕೂರಿಸಿಕೊಳ್ಳುವ ಬೋಟು. ಆದರೆ ಆ ಬೋಟು ಮುಟ್ಟಿಸುವ ಜಾಗ, ಕಲ್ಲಿನ ಕತೆಯಲ್ಲಿ, ಜಗತ್ತಿನ ಯಾವ ಹೆಸರಾಂತ ದ್ವೀಪಕ್ಕೂ ತಲೆಬಾಗಬೇಕಾದ್ದಲ್ಲ.

ಮಲ್ಪೆಯ ಧಕ್ಕೆ ಕರ್ನಾಟಕದ ಅತಿ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಬಂಗುಡೆ, ಬೂತಾಯಿ ತುಂಬಿದ ಬುಟ್ಟಿಗಳು, ಮಂಜುಗಡ್ಡೆ ಪುಡಿ ಮಾಡುವ ಸದ್ದು, ಡೀಸೆಲ್ ವಾಸನೆ, ಸಾಲುಗಟ್ಟಿ ನಿಂತ ಬೋಟುಗಳ ಮೇಲೆ ಹಾರಾಡುವ ಬಣ್ಣಬಣ್ಣದ ಬಾವುಟ. ಜೀವಿಗಳನ್ನು ನೋಡುವ ಕೆಲಸ ಇಲ್ಲಿಂದಲೇ ಶುರು. ನೆತ್ತಿಯ ಮೇಲೆ ಸುತ್ತುವ ಕೆಂಗಂದು ರೆಕ್ಕೆ, ಬಿಳಿ ಎದೆಯ ಹಕ್ಕಿ ಹಳೇ ಮೈಸೂರಿನವರಿಗೆ ಚಿರಪರಿಚಿತ. ಅದು ಗರುಡ. ತೇರಿನ ದಿನ ಗರುಡ ಬಂದು ಸುತ್ತು ಹಾಕಿದ ಮೇಲೇ ರಥ ಎಳೆಯಬೇಕು ಎಂದು ಕಾದು ನಿಲ್ಲುವ ಊರುಗಳವರು ನಾವು. ಊರಲ್ಲಿ ಒಂದು ಗರುಡ ಕಂಡರೆ ಕೈ ಮುಗಿಯುವವರು ಇಲ್ಲಿ ಬೋಟಿನ ಕಂಬಗಳ ಮೇಲೆ, ಮೀನಿನ ಬುಟ್ಟಿಗಳ ಸುತ್ತ ಗರುಡಗಳ ಹಿಂಡನ್ನೇ ಕಂಡು ಬೆರಗಾಗುತ್ತಾರೆ. ಮೀನು, ಏಡಿ, ಬಲೆಯಿಂದ ಆಯ್ದು ಬಿಸಾಡಿದ ಚೂರು, ಅದಕ್ಕೆ ಬೇಕಾದ್ದೆಲ್ಲ ಇಲ್ಲಿದೆ.

ಬೋಟು ಅಳಿವೆ ದಾಟುತ್ತಿದ್ದಂತೆ ಚಳಿಗಾಲದಲ್ಲಿ ಇನ್ನೊಂದು ಗುಂಪು ಬೆನ್ನು ಹತ್ತುತ್ತದೆ. ಬೂದು ಬೆನ್ನು, ಬಿಳಿ ಹೊಟ್ಟೆ, ಕೆಂಪು ಕೊಕ್ಕಿನ ಕಡಲಕ್ಕಿಗಳು. ಕಂದುತಲೆಯ ಕಡಲಕ್ಕಿ ಎಂದು ಹೆಸರಿದ್ದರೂ ಡಿಸೆಂಬರ್‌ನಲ್ಲಿ ಅದರ ತಲೆ ಬೆಳ್ಳಗಿರುತ್ತದೆ. ಕಣ್ಣಿನ ಹಿಂದೆ ಶಾಯಿ ಚೆಲ್ಲಿದಂತೆ ಒಂದು ಕಪ್ಪು ಚುಕ್ಕೆ, ಅಷ್ಟೆ. ಮಾರ್ಚ್ ಹೊತ್ತಿಗೆ ಕಂದು ಟೊಪ್ಪಿಗೆ ಮೂಡಿದಾಗ ಅದು ಹೊರಡುವ ಹೊತ್ತಾಯಿತೆಂದು ಅರ್ಥ. ಮರಿ ಮಾಡುವುದು ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಪ್ರತಿ ಚಳಿಗಾಲ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳ ತವರೂ ಅದೇ ಸೀಮೆ. ಅಲ್ಲಿ ಹೆಪ್ಪುಗಟ್ಟುವ ಚಳಿ ಶುರುವಾದಾಗ ಒಂದು ಹಕ್ಕಿ ಮೂಗೂರಿನ ನೆರೆಯ ಕೆರೆಗೆ ಬರುತ್ತದೆ, ಇನ್ನೊಂದು ಮಲ್ಪೆಗೆ. ಹದಿನಾರು ಕೆರೆಯ ಏರಿ ಮೇಲೆ ನಿಂತು ಬಾತು ನೋಡಿದ ಹುಡುಗನೊಬ್ಬ ಬೋಟಿನಲ್ಲಿದ್ದರೆ, ಅವನಿಗೆ ಈ ಕಡಲಕ್ಕಿಯ ಪರಿಚಯ ಅರ್ಧ ಆದಂತೆಯೇ.

ದಡದಿಂದ ಸುಮಾರು ಆರು ಕಿ.ಮೀ. ದೂರ. ಅರ್ಧ ಗಂಟೆಯೊಳಗೆ ದ್ವೀಪ ಮುಂದೆ ನಿಲ್ಲುತ್ತದೆ.

ಸೇಂಟ್ ಮೇರೀಸ್ ಎಂದರೆ ಒಂದೇ ದ್ವೀಪವಲ್ಲ. ಕರಾವಳಿಗೆ ಸಮನಾಗಿ, ಉತ್ತರ–ದಕ್ಷಿಣವಾಗಿ ಚಾಚಿದ ದ್ವೀಪಗಳ ಸಾಲು. ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ ಮತ್ತು ದರಿಯಾ ಬಹದ್ದೂರ್‌ಗಡ ಮುಖ್ಯವಾದವು. ಬಹದ್ದೂರ್‌ಗಡದಲ್ಲಿ ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ್ದೆಂದು ಹೇಳುವ ಕೋಟೆಯ ಅವಶೇಷವಿದೆ. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. ಮಲ್ಪೆಯ ಹಳಬರ ಬಾಯಲ್ಲಿ ಅದು ತೋನ್ಸೆಪಾರ್. ಉದ್ದ ಅರ್ಧ ಕಿ.ಮೀ., ಅಗಲ ನೂರು ಮೀಟರ್ ಆಸುಪಾಸು. ಮನೆಗಳಿಲ್ಲ, ನೆಲೆಸಿದ ಜನರಿಲ್ಲ.

ಇಳಿದ ಕೂಡಲೇ ಕಣ್ಣಿಗೆ ಬೀಳುವುದು ಕಂಬಗಳು. ಸಾವಿರಾರು ಕಲ್ಲಿನ ಕಂಬಗಳು, ಒಂದರ ಮೈಗೊಂದು ಒತ್ತಿಕೊಂಡು, ಕೆಲವು ನೆಟ್ಟಗೆ, ಕೆಲವು ವಾಲಿ, ಕೆಲವು ಮೆಟ್ಟಿಲಿನಂತೆ ಮುರಿದು ಕಡಲಿಗಿಳಿದಿವೆ. ಎತ್ತರದವು ಆರು ಮೀಟರ್‌ವರೆಗೂ ಇವೆ. ಒಂದು ಮುರಿದ ಕಂಬದ ನೆತ್ತಿಯ ಮುಂದೆ ಕೂತು ಬೆರಳಿಟ್ಟು ಬದಿಗಳನ್ನು ಎಣಿಸಬೇಕು. ಐದು ಬದಿ, ಪಕ್ಕದ್ದಕ್ಕೆ ಆರು, ಅದರಾಚೆಯದಕ್ಕೆ ಮತ್ತೆ ಐದು, ಎಲ್ಲೋ ಒಂದಕ್ಕೆ ಏಳು. ಯಾವ ಎರಡು ಕಂಬಗಳ ನಡುವೆಯೂ ಬೆರಳು ತೂರುವಷ್ಟು ಜಾಗವಿಲ್ಲ. ಉಪ್ಪು ನೀರು, ಗಾಳಿ ತಿಂದು ಅಂಚುಗಳು ಮಾತ್ರ ನುಣುಪಾಗಿವೆ. ಶಿಲ್ಪಿಯೊಬ್ಬ ಕೆತ್ತಿ ಜೋಡಿಸಿದಂತೆ ಕಾಣುವ ಈ ಕೆಲಸದಲ್ಲಿ ಉಳಿಯ ಪಾತ್ರವೇ ಇಲ್ಲ.

ಇದು ಆದ ಬಗೆಯನ್ನು ರೈತರ ಮಕ್ಕಳಿಗೆ ವಿವರಿಸುವುದು ಸುಲಭ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ, ಕಾಲುವೆ ನೀರು ನಿಂತು ಗದ್ದೆ ಒಣಗಿದಾಗ ಕೆಸರು ಬಿರಿಯುತ್ತದಲ್ಲ, ಆ ಬಿರುಕುಗಳು ಹೆಂಚು ಹಾಸಿದಂತೆ ಐದು, ಆರು ಮೂಲೆಯ ತುಂಡುಗಳಾಗಿ ಒಡೆಯುತ್ತವೆ. ಕೆಸರು ಒಣಗಿ ಕುಗ್ಗುವುದೇ ಅದಕ್ಕೆ ಕಾರಣ. ಲಾವಾ ಕೂಡ ಹಾಗೆಯೇ ಕುಗ್ಗುತ್ತದೆ, ಆದರೆ ತಣ್ಣಗಾಗುತ್ತಾ. ಹರಿದು ನಿಂತ ಲಾವಾದ ಮೇಲ್ಮೈ ಮೊದಲು ಆರುತ್ತದೆ, ಕುಗ್ಗುತ್ತದೆ, ಬಿರಿಯುತ್ತದೆ. ಒಂದು ಬಿಂದುವಿನಿಂದ ಮೂರು ಬಿರುಕು ಸಮನಾಗಿ ಕವಲೊಡೆದರೆ ಎಳೆತ ಚೆನ್ನಾಗಿ ಸಡಿಲವಾಗುತ್ತದೆ. ಅಂಥ ಕವಲುಗಳು ಕೂಡಿದಾಗ ಜೇನುಗೂಡಿನ ಆಕಾರ ಬರುತ್ತದೆ. ಒಳಗಿನ ಬಿಸಿ ಆರುತ್ತಾ ಹೋದಂತೆ ಬಿರುಕೂ ಆಳಕ್ಕೆ ಇಳಿಯುತ್ತದೆ. ಕೆಸರಿನಲ್ಲಿ ಗೇಣುದ್ದ ಇಳಿದು ನಿಲ್ಲುವ ಬಿರುಕು ಇಲ್ಲಿ ಮೂರಾಳು ಎತ್ತರದ ಕಂಬಗಳನ್ನು ಸೀಳಿದೆ. ಬೇಗ ಆರಿದ ಲಾವಾದಲ್ಲಿ ಕಂಬ ಸಣ್ಣ, ನಿಧಾನವಾಗಿ ಆರಿದ್ದರಲ್ಲಿ ದಪ್ಪ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಇದೇ ಬಗೆಯ ಕಂಬಗಳಿಗೆ ಜಗತ್ಪ್ರಸಿದ್ಧ. ಅದು ಕಪ್ಪು ಬಸಾಲ್ಟ್. ಮಲ್ಪೆಯದು ರಯೋಲೈಟ್, ಡೇಸೈಟ್ ವರ್ಗಕ್ಕೆ ಸೇರಿದ್ದು. ಸಿಲಿಕಾ ಹೆಚ್ಚು, ಹಾಗಾಗಿ ಕರಗಿದಾಗ ಬೆಲ್ಲದ ಪಾಕದಂತೆ ಮಂದ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಕಂಬಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಕರ್ನಾಟಕದಲ್ಲಿ ಇಂಥವು ನಾಲ್ಕು. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರದ ಚಿನ್ನದ ಗಣಿ ಸೀಮೆಯ ಪೆದ್ದಪಲ್ಲಿಯ ಕಲ್ಲುಗಳು ಉಳಿದ ಮೂರು.

ಈ ಕಲ್ಲಿನ ವಯಸ್ಸಿನ ವಿಚಾರ ಬಹುಕಾಲ ಗೊಂದಲದಲ್ಲಿತ್ತು. ಬೆಳಗಾವಿ, ವಿಜಯಪುರ, ಕಲಬುರಗಿಗಳ ನೆಲವನ್ನು ಹಾಸಿರುವ ದಖ್ಖನ್ ಲಾವಾ ನಮಗೆ ಗೊತ್ತು. ಗೋಳಗುಮ್ಮಟ ಕಟ್ಟಿದ್ದು ಅದರ ಕಲ್ಲಿನಲ್ಲೇ. ಮಲ್ಪೆಯದೂ ಅದರದೇ ಒಂದು ತುಣುಕಿರಬೇಕೆಂಬ ಊಹೆ ಇತ್ತು. ಕಲ್ಲಿನೊಳಗೆ ಒಂದು ಬಗೆಯ ಪೊಟ್ಯಾಸಿಯಂ ಗೊತ್ತಾದ ವೇಗದಲ್ಲಿ ಆರ್ಗಾನ್ ಅನಿಲವಾಗಿ ಮಾರ್ಪಡುತ್ತಾ ಇರುತ್ತದೆ. ಆ ಅನಿಲವನ್ನು ಅಳೆದರೆ ಲಾವಾ ಎಂದು ಗಟ್ಟಿಯಾಯಿತೆಂದು ತಿಳಿಯುತ್ತದೆ. 2001ರಲ್ಲಿ ಕಾಂಚನ್ ಪಾಂಡೆ, ಹೇತು ಸೇಠ್, ರಜನೀಶ್ ಭುತಾನಿ ಈ ವಿಧಾನದಲ್ಲಿ ಅಳೆದು ಕೊಟ್ಟ ಲೆಕ್ಕ ಸುಮಾರು 8.56 ಕೋಟಿ ವರ್ಷ. ಅದರ ಹಿಂದಿನ ವರ್ಷ ಟ್ರಾಂಡ್ ಟಾರ್ಸ್‌ವಿಕ್ ತಂಡ ಯುರೇನಿಯಂ–ಸೀಸದ ವಿಧಾನದಲ್ಲಿ ಕಂಡುಕೊಂಡಿದ್ದು ಸುಮಾರು 9.1 ಕೋಟಿ ವರ್ಷ. ಎರಡರ ನಡುವೆ ಅಂತರವಿದ್ದರೂ ಎರಡೂ ದಖ್ಖನ್ ಲಾವಾಕ್ಕಿಂತ ಹಳೆಯವು, ಅದು ಉಕ್ಕಿದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಅಲ್ಲಿಗೆ ಮಲ್ಪೆಯ ಕಲ್ಲು ದಖ್ಖನ್ ಕಲ್ಲಿಗೆ ಮಗುವೂ ಅಲ್ಲ, ತಮ್ಮನೂ ಅಲ್ಲ, ಎರಡು ಕೋಟಿ ವರ್ಷ ಹಿರಿಯ ಎಂದಾಯಿತು.

ಆ ಕಾಲದಲ್ಲಿ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯ ಪಕ್ಕದಲ್ಲೇ ಇತ್ತು. ಮಲ್ಪೆಯಿಂದ ಪಶ್ಚಿಮಕ್ಕೆ ನಡೆದೇ ಹೋಗಬಹುದಾಗಿತ್ತು, ನಡೆಯುವವರು ಇರಲಿಲ್ಲ ಅಷ್ಟೆ. ಡೈನೋಸಾರ್‌ಗಳ ಕಾಲ ಅದು. ನೆಲದಡಿಯ ಬಿಸಿ ಮೇಲೆದ್ದು, ಹೊರಪದರ ತೆಳುವಾಗಿ, ಸೀಳಿ, ಸೀಳಿನುದ್ದಕ್ಕೂ ಲಾವಾ ಉಕ್ಕಿತು. ಮಡಗಾಸ್ಕರ್‌ನ ಪೂರ್ವ ಕರಾವಳಿಯಲ್ಲಿ ಅದೇ ಕಾಲದ ಲಾವಾ ಇಂದಿಗೂ ಇದೆ. ಹರಿದ ಚೀಟಿಯ ಎರಡು ಅಂಚುಗಳಂತೆ ಒಂದು ಗುರುತು ಅಲ್ಲಿ, ಒಂದು ಗುರುತು ಇಲ್ಲಿ, ನಡುವೆ ಈಗ ನಾಲ್ಕು ಸಾವಿರ ಕಿ.ಮೀ.ಗೂ ಹೆಚ್ಚಿನ ಕಡಲು.

ಮೂಗೂರಿನವರಿಗೆ ಇಲ್ಲೊಂದು ಮಾತು ಸೇರಿಸಬೇಕು. ಮೈಸೂರು ಸೀಮೆಯ ಬಂಡೆಗಳ ಮುಂದೆ ಈ ಕಂಬಗಳೆಲ್ಲ ಎಳೆಗೂಸುಗಳು. ಹಿಂದೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿದ್ದ ಸರಗೂರಿನ ಹೆಸರು ಹೊತ್ತ ಶಿಲಾಸಮೂಹದ ಪ್ರಾಯ ಮುನ್ನೂರು ಕೋಟಿ ವರ್ಷಕ್ಕೂ ಮೇಲೆ. ಮನೆಯ ಹಿಂದಿನ ಅಷ್ಟು ಹಳೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುವವರು ಮಲ್ಪೆಗೆ ಬಂದು ನೋಡುತ್ತಿರುವುದು, ಭೂಮಿಯ ಲೆಕ್ಕದಲ್ಲಿ, ನಿನ್ನೆ ಮೊನ್ನೆಯ ಸಂಗತಿ.

ಮಲ್ಪೆಯ ಲಾವಾ ಉಕ್ಕಿಸಿದ ಬೆಂಕಿಯ ಮೂಲಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು ಮೇರಿಯಾನ್ ತಪ್ತಬಿಂದು. ಮೇರಿಯಾನ್ ಎಂಬುದು ಹಿಂದೂ ಮಹಾಸಾಗರದ ದಕ್ಷಿಣದಂಚಿನಲ್ಲಿ, ಮಲ್ಪೆಯಿಂದ 7,500 ಕಿ.ಮೀ.ಗೂ ದೂರದಲ್ಲಿರುವ ಒಂದು ಜ್ವಾಲಾಮುಖಿ ದ್ವೀಪ. ದಕ್ಷಿಣ ಆಫ್ರಿಕಾಕ್ಕೆ ಸೇರಿದ್ದು. ಭೂಖಂಡಗಳು ಸರಿದು ಹೋದವು, ಒಲೆ ಸರಿಸುಮಾರು ಅಲ್ಲೇ ಉಳಿಯಿತು ಎಂದರೆ ವಿಷಯ ಅರ್ಥವಾದೀತು. ಮೇರಿಯಾನ್‌ನಲ್ಲಿ ರಾಜ ಪೆಂಗ್ವಿನ್‌ಗಳಿವೆ, ಹನ್ನೊಂದು ಅಡಿಯವರೆಗೂ ರೆಕ್ಕೆ ಹರಡುವ ಅಲೆಮಾರಿ ಆಲ್ಬಟ್ರಾಸ್ ಗೂಡು ಕಟ್ಟುತ್ತದೆ. ಅಲ್ಲಿ ಪ್ರವಾಸಿಗರು ಇಳಿಯುವಂತಿಲ್ಲ, ಸಂಶೋಧಕರಿಗೆ ಮಾತ್ರ ಅವಕಾಶ. ಇಷ್ಟು ಬಿಗಿಯಿದ್ದೂ ಆ ದ್ವೀಪ ಸಂಕಟದಲ್ಲಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಸೀಲ್ ಬೇಟೆಗಾರರ ಹಡಗಿನಿಂದ ಇಳಿದ ಮನೆ ಇಲಿಗಳು ಹೆಚ್ಚಿ, ಗೂಡಿನಲ್ಲಿ ಕೂತ ಆಲ್ಬಟ್ರಾಸ್ ಮರಿಗಳನ್ನು ಜೀವಂತ ಕಚ್ಚಿ ತಿನ್ನುತ್ತಿವೆ. ಇಲಿಗಳನ್ನು ಪೂರ್ತಿ ತೆಗೆಯಲು ದೊಡ್ಡ ಯೋಜನೆಯೊಂದು ಸಿದ್ಧವಾಗುತ್ತಿದೆ. ದ್ವೀಪವೆಂದರೆ ಅಷ್ಟು ನಾಜೂಕು. ಹೊರಗಿನಿಂದ ಬಂದ ಒಂದು ಸಣ್ಣ ಪ್ರಾಣಿಗೂ ಅದರ ಬಳಿ ಉತ್ತರವಿರುವುದಿಲ್ಲ.

ತೋನ್ಸೆಪಾರ್‌ನಲ್ಲಿ ಪೆಂಗ್ವಿನ್ ಇಲ್ಲ, ಆನೆಯಂಥ ದೊಡ್ಡ ಜೀವ ಯಾವುದೂ ಇಲ್ಲ. ಏನೂ ಇಲ್ಲ ಎಂದು ಬೇಸರಪಟ್ಟು ತಿರುಗುವವರೂ ಇದ್ದಾರೆ. ಅಂಥವರು ಇಳಿತದ ಹೊತ್ತಿಗೆ ಬರಬೇಕು. ನೀರು ಹಿಂದೆ ಸರಿದಾಗ ಮುರಿದ ಕಂಬಗಳ ನಡುವೆ ಬೊಗಸೆಯಷ್ಟು, ತಟ್ಟೆಯಷ್ಟು ನೀರು ನಿಂತ ಗುಂಡಿಗಳು ಉಳಿಯುತ್ತವೆ. ಒಂದರ ಮುಂದೆ ಐದು ನಿಮಿಷ ಅಲ್ಲಾಡದೆ ಕೂರಬೇಕು. ಮೊದಲು ಏನೂ ಕಾಣದು. ಆಮೇಲೆ ತಳದಲ್ಲಿ ಬಿದ್ದಿದ್ದ ಶಂಖವೊಂದು ನಡೆಯತೊಡಗುತ್ತದೆ. ಒಳಗಿರುವುದು ಸನ್ಯಾಸಿ ಏಡಿ. ಅದರ ಹಿಂಬದಿಯ ಮೈ ಮೆತ್ತಗೆ, ಸ್ವಂತ ಕವಚವಿಲ್ಲ. ಸತ್ತ ಶಂಖುಹುಳುವಿನ ಚಿಪ್ಪೇ ಅದಕ್ಕೆ ಮನೆ. ಬೆಳೆದಂತೆ ದೊಡ್ಡ ಚಿಪ್ಪು ಹುಡುಕಿ ಮನೆ ಬದಲಿಸುತ್ತದೆ. ಗುಂಡಿಯ ಗೋಡೆಗೆ ಕಡಲ ಹೂವು ಅಂಟಿರುತ್ತದೆ, ನೆರಳು ಬಿದ್ದರೆ ಸಾಕು, ಎಸಳು ಮುದುಡಿ ಮಾಂಸದ ಉಂಡೆಯಂತಾಗುತ್ತದೆ. ಕಲ್ಲಿನ ಮೇಲೆ ಒಣಗಿದ ಹುಗುಳಿನಂತೆ ಕಾಣುವ ಬಿಳಿ ಚುಕ್ಕೆಗಳೂ ಜೀವಿಗಳೇ. ಅಲೆ ಬಡಿದಾಗಷ್ಟೇ ಬಾಗಿಲು ತೆರೆದು ಉಣ್ಣುತ್ತವೆ.

ಈ ದ್ವೀಪದ ಒಂದು ದಂಡೆಯಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು. ಮಕ್ಕಳು ಜೇಬು ತುಂಬಿಕೊಳ್ಳುವುದು ಸಹಜ. ಆದರೆ ಸನ್ಯಾಸಿ ಏಡಿಯ ಮನೆ ಬದಲಾವಣೆ ನೋಡಿದ ಮಗು ಚಿಪ್ಪನ್ನು ತಾನಾಗಿ ಕೆಳಗಿಡುತ್ತದೆ. ‘ಮುಟ್ಟಬೇಡ’ ಎಂದು ನೂರು ಸಲ ಹೇಳುವುದಕ್ಕಿಂತ ಇದು ಮೇಲು.

ತಲೆ ಎತ್ತಿದರೆ ಹಕ್ಕಿಗಳು. ಬಂಡೆಯಂಚಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಗದ್ದೆಗೊರವ, ನೀರಿನಂಚಿಗೆ ನಿಂತ ದೊಡ್ಡ ಬೆಳ್ಳಕ್ಕಿ, ಸೀಸದ ಬಣ್ಣದ ಕಡಲ ಬಕ. ಅದೃಷ್ಟವಿದ್ದರೆ ಬಿಳಿ ಹೊಟ್ಟೆಯ ಕಡಲ ಹದ್ದು. ಅದನ್ನು ಖಚಿತವಾಗಿ ನೋಡಬೇಕೆಂದಿರುವವರು ಇನ್ನೂ ಉತ್ತರಕ್ಕೆ, ಮುರುಡೇಶ್ವರದಾಚೆಯ ನೇತ್ರಾಣಿಯ ಕಡೆ ಹೋಗಬೇಕು. ಹವಳ, ಬಣ್ಣದ ಮೀನುಗಳಿಗೆ ಹೆಸರಾದ ಆ ಗುಡ್ಡದಲ್ಲಿ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಡಾಲ್ಫಿನ್ ನೋಡುವ ಆಸೆಯಿದ್ದರೆ ಕಾರವಾರ. ಕಾಳಿ ನದಿ ಕಡಲು ಸೇರುವಲ್ಲಿ, ಕೂರ್ಮಗಡದ ಸುತ್ತ ಬೆನ್ನ ಮೇಲೆ ಗೂನಿರುವ ಡಾಲ್ಫಿನ್‌ಗಳು ಕಾಣಿಸಿಕೊಳ್ಳುತ್ತವೆ. ಈ ಜಾತಿ ದಡ ಬಿಟ್ಟು ಆಳಕ್ಕೆ ಹೋಗುವುದು ಕಡಿಮೆ, ಬಲೆಗೆ ಸಿಕ್ಕಿ ಸಾಯುವುದು ಹೆಚ್ಚು.

ಸೇಂಟ್ ಮೇರಿ ಎಂಬ ಹೆಸರು ಬಂದದ್ದು ಪೋರ್ಚುಗೀಸರಿಂದ. ವಾಸ್ಕೋ ಡ ಗಾಮ ಮೊದಲು ಇಲ್ಲಿಳಿದು ಆಮೇಲೆ ಕಲ್ಲಿಕೋಟೆಗೆ ಹೋದನೆಂದು ಹೇಳುವುದುಂಟು. ಅವನ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿ ಬೇರೆ ಹೇಳುತ್ತದೆ. 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ತಲುಪಿದ ಹಡಗುಗಳು ಸೆಪ್ಟೆಂಬರ್‌ನಲ್ಲಿ ಊರಿಗೆ ಮರಳುವ ದಾರಿಯಲ್ಲಿ ಕರಾವಳಿಯ ಪುಟ್ಟ ದ್ವೀಪವೊಂದರಲ್ಲಿ ಕಲ್ಲುಕಂಬ ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟವು. ದೊರೆ ಕೊಟ್ಟು ಕಳಿಸಿದ್ದ ಮೂರು ಕಂಬಗಳಲ್ಲಿ ಅದು ಕೊನೆಯದು. ಆ ದ್ವೀಪ ಇದೇ ಎಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಸಾವಿರಾರು ಕಂಬಗಳಿರುವ ಜಾಗದಲ್ಲಿ ನೆಟ್ಟ ಆ ಒಂದು ಕಂಬ ಉಳಿಯಲಿಲ್ಲ, ಹೆಸರು ಉಳಿಯಿತು.

ಇಂಥ ಜಾಗಕ್ಕೆ ಬರುವ ಬಹುಪಾಲು ಜನ ಕಂಬದ ಮೇಲೆ ಹತ್ತಿ ಫೋಟೊ ತೆಗೆಸಿಕೊಂಡು, ಎಳನೀರು ಕುಡಿದು, ಮುಂದಿನ ಬೋಟಿಗೆ ಹೊರಡುತ್ತಾರೆ. ತಪ್ಪು ಅವರದಲ್ಲ. ಹೇಳುವವರು ಜೊತೆಗಿಲ್ಲದಿದ್ದರೆ ಕಲ್ಲು ಬರೀ ಕಲ್ಲೇ. ಮೈಸೂರಿನ ಕಡೆಯವರಿಗೆ ಅಂಥವರ ಬೆಲೆ ರಂಗನತಿಟ್ಟಿನಲ್ಲಿ ಗೊತ್ತಾಗಿದೆ. ಕಾವೇರಿಯ ನಡುಗಡ್ಡೆಗಳ ಆ ಸಣ್ಣ ಜಾಗವನ್ನು ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನ ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಅದು ರಾಮ್ಸಾರ್ ತಾಣವಾಯಿತು. ಅಲ್ಲಿ ಹುಟ್ಟು ಹಾಕುವವರೇ ಗುರು. ‘ಅಗೋ, ಬಣ್ಣದ ಕೊಕ್ಕರೆ, ಅದರ ಕೆಳಗೆ ಬಂಡೆ ಮೇಲೆ ಮೊಸಳೆ’ ಎಂದು ತೋರಿಸುತ್ತಾರೆ, ಹಕ್ಕಿ ಬೆದರದಂತೆ ದೋಣಿಯನ್ನು ದೂರದಲ್ಲಿ ನಿಲ್ಲಿಸುತ್ತಾರೆ. ಮಲ್ಪೆಗೂ ಬೇಕಿರುವುದು ಇದೇ. ಕಡಲನ್ನು ಅಂಗೈ ಗೆರೆಯಂತೆ ಬಲ್ಲ ಮೊಗವೀರರ ಮಕ್ಕಳಿಗೆ ಕಲ್ಲಿನ ಕತೆ, ಹಕ್ಕಿಯ ಹೆಸರು ಕಲಿಸಿ, ಪ್ರತಿ ಬೋಟಿಗೆ ಒಬ್ಬರಂತೆ ಜೊತೆಮಾಡಿದರೆ ಅವರಿಗೂ ಒಂದು ಕಸುಬಾಗುತ್ತದೆ.

ಜೀವ ಉಳಿಸಲಿಕ್ಕೂ ಅಂಥವರು ಬೇಕು. ಪಾಚಿ ಕಟ್ಟಿದ ಕಂಬದ ತಲೆಗಿಂತ ಜಾರುವ ಜಾಗ ಇನ್ನೊಂದಿಲ್ಲ, ಪಶ್ಚಿಮದ ಬದಿಯಲ್ಲಿ ಅಲೆ ಹೇಳಿ ಬರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದ ಕಾಲೇಜೊಂದರ ಮೂವರು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ನದಿಯಲ್ಲಿ ಈಜು ಕಲಿತವರು ಕಡಲಿನಲ್ಲೂ ಅದೇ ಧೈರ್ಯ ತೋರಿಸಬಾರದು.

ಮಳೆಗಾಲದಲ್ಲಿ ದ್ವೀಪಕ್ಕೆ ಬೋಟು ಹೋಗುವುದಿಲ್ಲ. ಮಳೆ ನಿಂತು ಕಡಲು ತಣಿದ ಮೇಲೆ ಶುರುವಾಗಿ ಬೇಸಿಗೆಯ ಕೊನೆಯವರೆಗೂ ನಡೆಯುತ್ತದೆ. ಪ್ರವಾಸ ಗೊತ್ತುಮಾಡುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮಲ್ಪೆಯನ್ನು ಸಂಜೆಗೆ ಇಟ್ಟುಕೊಳ್ಳಬೇಡಿ, ಬೆಳಗಿನ ಮೊದಲ ಬೋಟಿಗೆ ಹೋಗಿ. ಅಂದಿನ ಇಳಿತ ಎಷ್ಟು ಹೊತ್ತಿಗೆ ಎಂದು ಧಕ್ಕೆಯಲ್ಲಿ ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ. ತಂದ ಪ್ಲಾಸ್ಟಿಕ್ ಪೊಟ್ಟಣ ವಾಪಸು ಬಸ್ಸಿಗೇ ಬರಲಿ. ದ್ವೀಪದಲ್ಲಿ ಒಂದೂವರೆ ಗಂಟೆ ಇರಿ, ಮೊದಲ ಅರ್ಧ ಗಂಟೆ ಫೋನುಗಳನ್ನು ಚೀಲದಲ್ಲಿಡಿಸಿ, ಪ್ರತಿ ಮಗುವಿಗೂ ಒಂದೊಂದು ಕಂಬದ ಬದಿ ಎಣಿಸಲು ಹೇಳಿ.